ಮಾಯಾಬಿಲ್ಲೆಯ ಹಿಂದೆ ಕೊಟ್ಟ ಭಾಷೆಯೂ ಇರಲಿ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಕೆಲವು ತಿಂಗಳಿಂದ ಪ್ರಕಟವಾಗುತ್ತಿರುವ ಎಳೆಯರ ಮಾಯಾಲೋಕದ ಕಥೆಗಳನ್ನು ತಪ್ಪದೆ ಓದುತ್ತಿದ್ದೇನೆ. ಬೇಸಿಗೆ ರಜೆಯಲ್ಲಿ ಉಡುಪಿಯ ಮಕ್ಕಳಿಗೆ ಕಥೆ ಬರೆಯುವ ಶಿಬಿರ ನಡೆಸುವ ನಿವೃತ್ತ ಉಪನ್ಯಾಸಕನಾದ ನನಗೆ ಅವು ಸಂತೋಷ ಕೊಟ್ಟಿವೆ. ಆದರೆ ಅವುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ವಸ್ತುವಿನ ಬಗ್ಗೆ, ಅಂದರೆ ಒಂದೊಂದು ಬಣದವರು ಎದೆಗೋ ತೋಳಿಗೋ ಧರಿಸುವ ಮಾಯಾಬಿಲ್ಲೆಯ ಬಗ್ಗೆ, ನನ್ನದೊಂದು ಆಕ್ಷೇಪವಿದೆ.

ಹೆಚ್ಚಿನ ಕಥೆಗಳಲ್ಲಿ ಸರ್ಪಬಣದ ಬಿಲ್ಲೆ ಧರಿಸಿದವನು ಅದೃಶ್ಯನಾಗುತ್ತಾನೆ, ಹದ್ದಿನ ಬಣದ ಬಿಲ್ಲೆ ಧರಿಸಿದವನು ಹಾರುತ್ತಾನೆ. ನಾಯಕನು ಒಂದನ್ನು ಕದ್ದು ಕೋಟೆಯೊಳಕ್ಕೆ ನುಗ್ಗಿ, ಕೆಲಸ ಮುಗಿದ ಮೇಲೆ ಅದನ್ನು ಎಸೆದುಬಿಡುತ್ತಾನೆ. ಯಾರು ಧರಿಸಿದರೂ ಒಂದೇ ಫಲ ಕೊಡುವ ಬಿಲ್ಲೆಯು ಟಾರ್ಚಿನಂತೆ ಒಂದು ಸಲಕರಣೆಯಾದೀತೇ ಹೊರತು ಬಣದ ಗುರುತಾಗಲಾರದು. ಬಿಲ್ಲೆ ಧರಿಸಿದವನು ಬಣಕ್ಕೆ ಸೇರುವಾಗ ಯಾವ ಭಾಷೆ ಕೊಟ್ಟ, ಕೊಟ್ಟ ಭಾಷೆಗೆ ತಪ್ಪಿದರೆ ಬಿಲ್ಲೆಗೆ ಏನಾಗುತ್ತದೆ ಎಂದು ಈ ಕಥೆಗಳು ಕೇಳಿಕೊಳ್ಳುವುದೇ ಇಲ್ಲ.

ಈ ಕಲ್ಪನೆ ಮಕ್ಕಳಿಗೆ ಬಹುಮಟ್ಟಿಗೆ ಆಟಗಳಿಂದ ಬಂದಿದೆ. ನನ್ನ ಪರಿಚಯದ ಮಣಿಪಾಲದ ವಿದ್ಯಾರ್ಥಿಗಳು ಮೇಜಿನ ಸುತ್ತ ಕುಳಿತು ಆಡುವ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ 1974ರಷ್ಟು ಹಿಂದೆಯೇ ಹುಟ್ಟಿದ ಆಟ. ಅದರಲ್ಲಿ ಹಾರ್ಪರರೆಂಬ ಗುಪ್ತ ಬಣದವರ ಬೆಳ್ಳಿಯ ಪಿನ್ನಿನ ಮೇಲೆ ಬಾಲಚಂದ್ರನ ನಡುವೆ ಹಾರ್ಪ್ ವಾದ್ಯವಿರುತ್ತದೆ. ಹಳೆಯ ಆವೃತ್ತಿಗಳಲ್ಲಿ ಆ ಪಿನ್ನು ಧರಿಸಿದವರನ್ನು ಮಂತ್ರದಿಂದ ಹುಡುಕುವವರ ಕಣ್ಣಿನಿಂದ ಮರೆಮಾಡುತ್ತದೆ. ಗುಟ್ಟಾಗಿ ಕೆಲಸ ಮಾಡುವವರಿಗೆ ಗುಟ್ಟು ಕಾಯುವ ಬಿಲ್ಲೆ ಎಂಬ ಈ ಹೊಂದಿಕೆಯನ್ನು ನಮ್ಮ ಮಕ್ಕಳು ಗಮನಿಸದೆ ಬರಿಯ ಚಿತ್ರವನ್ನಷ್ಟೇ ತೆಗೆದುಕೊಂಡಿದ್ದಾರೆ.

ಇದಕ್ಕಾಗಿ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕುರುಕ್ಷೇತ್ರದಲ್ಲಿ ಯುದ್ಧ ಆರಂಭವಾಗುವ ಮೊದಲು ಯುಧಿಷ್ಠಿರನು ತನ್ನ ಪಡೆಯವರಿಗೆ ಗುರುತಿನ ಮಾತುಗಳನ್ನೂ ಗುರುತಿನ ಆಭರಣಗಳನ್ನೂ ಕೊಟ್ಟನೆಂದು ಭೀಷ್ಮಪರ್ವದ ಆರಂಭದಲ್ಲೇ ಇದೆ. ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕದಲ್ಲಿ ರಾಕ್ಷಸನೆಂಬ ಹೆಸರಿನ ಅಮಾತ್ಯನ ಮುದ್ರೆಯುಂಗುರವೊಂದು ಚಾಣಕ್ಯನ ಕೈಸೇರಿದ್ದರಿಂದ, ಚಂದ್ರಗುಪ್ತನ ವಿರುದ್ಧ ಕಟ್ಟಿದ್ದ ಒಂದಿಡೀ ಮೈತ್ರಿಯೇ ಮುರಿದುಬೀಳುತ್ತದೆ. ಅಲ್ಲಿ ಕದ್ದ ಗುರುತಿಗೆ ಮಾಯೆಯ ಶಕ್ತಿಯಿಲ್ಲ, ಅದನ್ನು ಜನ ನಂಬುತ್ತಾರೆಂಬುದೇ ಅದರ ಶಕ್ತಿ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವವರು ಹೊಯ್ಸಳರ ಗರುಡರು. ಅರಸನೊಡನೆ ಬದುಕಿ ಅರಸನೊಡನೆಯೇ ಸಾಯುವುದಾಗಿ ಭಾಷೆ ಕೊಟ್ಟ ಇಂಥ ವೀರರು ಅದರ ಗುರುತಾಗಿ ಕಾಲಿಗೆ ತೊಡರೆಂಬ ಬಳೆ ಕಟ್ಟಿಕೊಳ್ಳುತ್ತಿದ್ದರು. ಇಮ್ಮಡಿ ವೀರಬಲ್ಲಾಳನು 1220ರ ಸುಮಾರಿಗೆ ತೀರಿಕೊಂಡಾಗ ದಂಡನಾಯಕ ಕುವರಲಕ್ಷ್ಮನು ಮಡದಿ ಸುಗ್ಗಲದೇವಿ ಮತ್ತು ಸಂಗಡಿಗ ವೀರರೊಡನೆ ಪ್ರಾಣ ಕೊಟ್ಟದ್ದನ್ನು ಹಳೇಬೀಡಿನ ಗರುಡಗಂಬ ಇಂದಿಗೂ ಹೇಳುತ್ತಿದೆ. ಆ ಪದ್ಧತಿಯನ್ನು ನಾನು ಹೊಗಳುತ್ತಿಲ್ಲ, ಆ ಕಂಬದ ಮುಂದೆ ನಿಂತಾಗ ನನಗೆ ಭಯವೇ ಆಗಿತ್ತು. ಆದರೆ ವೇಳೆವಾಳಿ, ಜೋಳವಾಳಿ, ಲೆಂಕವಾಳಿ ಎಂದು ಒಡೆಯನ ಋಣಕ್ಕೇ ಬೇರೆ ಬೇರೆ ಹೆಸರಿಟ್ಟ ಕನ್ನಡದಲ್ಲಿ ಬರೆಯುವ ಮಕ್ಕಳಿಗೆ, ಧರಿಸುವ ಗುರುತು ಧರಿಸಿದವನಿಂದ ಏನನ್ನೋ ಕೇಳುತ್ತದೆ ಎಂಬುದು ಗೊತ್ತಿರಬೇಡವೇ? ನಮ್ಮ ಊರಿನ ಮಕ್ಕಳು ಆಷಾಢದ ಪ್ರಥಮೈಕಾದಶಿಯಂದು ಕೃಷ್ಣಮಠದಲ್ಲಿ ಹಿರಿಯರು ತಪ್ತ ಮುದ್ರಾಧಾರಣೆಗೆ ಸಾಲು ನಿಲ್ಲುವುದನ್ನು ನೋಡಿಯೇ ಇದ್ದಾರೆ. ಅದು ಶ್ರದ್ಧೆಯ ವಿಷಯ, ಕಥೆಗೆ ಎಳೆದು ತರಬೇಕೆಂದು ನನ್ನ ಅಭಿಪ್ರಾಯವಲ್ಲ. ಕಾಯಿಸಿದ ಶಂಖಚಕ್ರಗಳನ್ನು ಮೈಮೇಲೆ ಒತ್ತಿಸಿಕೊಳ್ಳುವುದಕ್ಕೂ ಅಂಗಿಗೆ ಪಿನ್ನು ಚುಚ್ಚಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಹೇಳಿಕೊಡದೆಯೇ ತಿಳಿದಿರುತ್ತದೆ ಎಂದಷ್ಟೇ ನನ್ನ ಮಾತು.

ಕಳೆದ ಬೇಸಿಗೆಯಲ್ಲಿ ಮಲ್ಪೆ ಕಡೆಯ ಹುಡುಗಿಯೊಬ್ಬಳು ಶಿಬಿರದಲ್ಲಿ ಬರೆದ ಕಥೆಯಲ್ಲಿ ದೋಣಿಯವರ ಬಣಕ್ಕೆ ಮರುವಾಯಿ ಎಂಬ ಚಿಪ್ಪುಮೀನಿನ ಚಿಪ್ಪೇ ಬಿಲ್ಲೆ. ಧರಿಸಿದವನು ಸಂಗಡಿಗನನ್ನು ನಡುಗಡಲಲ್ಲಿ ಬಿಟ್ಟು ಬಾರದಿರುವಷ್ಟು ಕಾಲ ಅದು ಎಂಥ ಬಿಸಿಲಿನಲ್ಲೂ ಒದ್ದೆಯಾಗಿಯೇ ಇರುತ್ತದೆ, ಮತ್ತು ಒದ್ದೆಯಿರುವಷ್ಟು ಕಾಲ ಅವನಿಗೆ ಕತ್ತಲಲ್ಲಿಯೂ ದಡದ ದಿಕ್ಕು ತಿಳಿಯುತ್ತದೆ. ಬಿರುಗಾಳಿಯ ರಾತ್ರಿ ಒಬ್ಬನೇ ಮರಳಿದ ಅಣ್ಣನ ಅಂಗಿಯನ್ನು ತಂಗಿ ಒಗೆಯಲು ತೆಗೆದುಕೊಂಡಾಗ ಚಿಪ್ಪು ಒಣಗಿರುವುದು ಅವಳ ಕೈಗೆ ತಾಗುತ್ತದೆ; ಅವಳು ಏನೂ ಕೇಳುವುದಿಲ್ಲ. ಹನ್ನೆರಡು ವರ್ಷದ ಹುಡುಗಿ ಇದನ್ನು ಬರೆದಳೆಂಬುದು ನನಗೆ ಇಂದಿಗೂ ಬೆರಗು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು: ಮುಂದಿನ ಬಾರಿ ಎಳೆಯರಿಂದ ಇಂಥ ಕಥೆಗಳನ್ನು ಆಹ್ವಾನಿಸುವಾಗ, ಬಿಲ್ಲೆ ಏನು ಕೊಡುತ್ತದೆ ಎಂಬುದರ ಜೊತೆಗೆ ಏನು ಕೇಳುತ್ತದೆ ಎಂಬುದನ್ನೂ ಬರೆಯುವಂತೆ ಪ್ರಕಟಣೆಯಲ್ಲಿ ಒಂದು ಸಾಲು ಸೇರಿಸಬೇಕು. ಆ ಹುಡುಗಿಯ ತಂದೆತಾಯಿ ಒಪ್ಪಿದರೆ ಅವಳ ಕಥೆಯನ್ನೂ ತಮಗೆ ಕಳುಹಿಸಿಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಉಪನ್ಯಾಸಕ,
ಕುಂಜಿಬೆಟ್ಟು, ಉಡುಪಿ