ವಿಮರ್ಶೆಯಲ್ಲಿ ನಿರ್ದೇಶಕರಿಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಸಿನಿಮಾ ಪುಟವನ್ನು ನಾನು ತಪ್ಪದೇ ಓದುತ್ತೇನೆ. ಅಲ್ಲಿ ಬರುವ ವಿಮರ್ಶೆಗಳ ಬಗ್ಗೆ ಒಂದು ಮಾತು ಹೇಳಬೇಕಿದೆ. ವಿಮರ್ಶೆಯ ಮುಕ್ಕಾಲು ಪಾಲು ಕಥೆಗೇ ಹೋಗುತ್ತದೆ. ಆಮೇಲೆ ನಾಯಕ ಹೇಗೆ ಮಾಡಿದ್ದಾರೆ, ನಾಯಕಿ ಹೇಗೆ ಮಾಡಿದ್ದಾರೆ, ಹಾಡುಗಳು ಕೇಳುವಂತಿವೆಯಾ, ಕೊನೆಗೆ ನಕ್ಷತ್ರಗಳು. ನಿರ್ದೇಶಕರ ಪಾಲಿಗೆ ಉಳಿಯುವುದು ‘ಅಚ್ಚುಕಟ್ಟಾಗಿ ನಿರ್ದೇಶಿಸಿದ್ದಾರೆ’ ಅಥವಾ ‘ನಿರೂಪಣೆಯಲ್ಲಿ ಹಿಡಿತ ತಪ್ಪಿದೆ’ ಎಂಬ ಒಂದೇ ಸಾಲು. ಯಾವ ದೃಶ್ಯದಲ್ಲಿ ಅಚ್ಚುಕಟ್ಟು, ಎಲ್ಲಿ ಹಿಡಿತ ತಪ್ಪಿತು ಅನ್ನುವುದು ಓದುಗರಿಗೆ ಗೊತ್ತಾಗುವುದೇ ಇಲ್ಲ.

ಆದರೆ ಸಿನಿಮಾ ನೆನಪಿನಲ್ಲಿ ಉಳಿಯುವುದು ಹಾಗಲ್ಲ. ಬಹಳ ಹಿಂದೆ ನೋಡಿದ ಸಿನಿಮಾದ ಕಥೆ ಹೇಳಿ ಅಂದರೆ ಹೆಚ್ಚಿನವರು ತಡವರಿಸುತ್ತಾರೆ. ಅದೇ ಸಿನಿಮಾದ ಯಾವುದೋ ಒಂದು ದೃಶ್ಯವನ್ನು ಮಾತ್ರ ನಿನ್ನೆ ನೋಡಿದಂತೆ ಹೇಳುತ್ತಾರೆ. ಆ ದೃಶ್ಯ ಹಾಗೆ ಉಳಿಯಲು ಯಾರೋ ತಲೆ ಕೆಡಿಸಿಕೊಂಡಿದ್ದಾರೆ. ಕ್ಯಾಮೆರಾ ಎಲ್ಲಿಡಬೇಕು, ಏನು ಕೇಳಿಸಬೇಕು, ಏನು ಕೇಳಿಸಬಾರದು, ಎಷ್ಟು ಹೊತ್ತು ಬಿಡಬೇಕು ಅಂತ ತೀರ್ಮಾನ ಮಾಡಿದ್ದಾರೆ. ನಾನು ಇಷ್ಟಪಡುವ ನಿರ್ದೇಶಕರೆಲ್ಲ ಇಂಥ ತೀರ್ಮಾನಗಳಿಂದಲೇ ನನಗೆ ಹತ್ತಿರವಾದವರು. ನಿಮ್ಮ ಪುಟದಲ್ಲಿ ಚರ್ಚೆ ಆಗಬೇಕಾದ್ದು ಇದೇ ಅಂತ ನನ್ನ ಅನಿಸಿಕೆ.

ಸತ್ಯಜಿತ್ ರೇ ಅವರ 1955ರ ‘ಪಥೇರ್ ಪಾಂಚಾಲಿ’ಯನ್ನೇ ನೋಡಿ. ಅಪ್ಪ ಹರಿಹರ್ ಬಹಳ ದಿನಗಳ ನಂತರ ಮನೆಗೆ ಬರುತ್ತಾನೆ. ಮಗಳು ದುರ್ಗಾ ಸತ್ತಿದ್ದಾಳೆ, ಅವನಿಗೆ ಗೊತ್ತಿಲ್ಲ. ತಂದ ಸಾಮಾನುಗಳನ್ನು ಒಂದೊಂದಾಗಿ ಹೆಂಡತಿಗೆ ತೋರಿಸುತ್ತಾ ಹೋಗುತ್ತಾನೆ. ಕೊನೆಗೆ ಮಗಳಿಗೆ ಅಂತ ತಂದ ಸೀರೆಯನ್ನು ಹೆಂಡತಿಯ ಕೈಗೆ ಕೊಡುತ್ತಾನೆ. ಅಲ್ಲಿಯವರೆಗೆ ತಡೆದುಕೊಂಡಿದ್ದ ತಾಯಿ ಸರ್ಬಜಯಾ ಅಲ್ಲೇ ಕುಸಿದು ಅಳುತ್ತಾಳೆ. ಆದರೆ ಅವಳ ಅಳು ನಮಗೆ ಕೇಳಿಸುವುದಿಲ್ಲ. ಅದರ ಜಾಗದಲ್ಲಿ ತಾರ್ ಶಹನಾಯಿಯ ಸ್ವರ ಮೇಲೇರುತ್ತದೆ. ಕಮಾನಿನಿಂದ ನುಡಿಸುವ ತಂತಿವಾದ್ಯ ಅದು. ಚಿತ್ರದ ಸಂಗೀತ ರವಿಶಂಕರ್ ಅವರದು.

ಇಲ್ಲಿ ನಟಿಯ ಅಳುವನ್ನೇ ಕೇಳಿಸಿದ್ದರೂ ದೃಶ್ಯ ನಡೆಯುತ್ತಿತ್ತು. ನಾವೂ ಅಯ್ಯೋ ಪಾಪ ಅನ್ನುತ್ತಿದ್ದೆವು. ಆದರೆ ಅಳುವ ದೃಶ್ಯಗಳನ್ನು ನಾವು ಎಷ್ಟೋ ನೋಡಿದ್ದೇವೆ, ಅಳುವ ದನಿಗೆ ಕಿವಿ ಒಗ್ಗಿಹೋಗಿದೆ. ದನಿ ತೆಗೆದಾಗ ಆ ಒಗ್ಗಿಹೋದ ದಾರಿ ಮುಚ್ಚಿಬಿಡುತ್ತದೆ. ಆ ಸ್ವರ ಅಳುವೂ ಹೌದು, ಅಳುವಿಗಿಂತ ಜಾಸ್ತಿಯೂ ಹೌದು. ಹರಿಹರನಿಗೆ ವಿಷಯ ಗೊತ್ತಾಗುವುದೂ ಇದೇ ಹೊತ್ತಿನಲ್ಲಿ. ‘ಮಗಳು ಹೋದಳು’ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಇದನ್ನು ಹೊಳೆಯಿಸಿಕೊಂಡ ರೇ ಅವರಿಗೆ ಅದು ಮೊದಲ ಸಿನಿಮಾ ಅನ್ನುವುದು ನನಗೆ ಇಂದಿಗೂ ಅಚ್ಚರಿ. ಛಾಯಾಗ್ರಾಹಕ ಸುಬ್ರತಾ ಮಿತ್ರ ಅವರೂ ಅದಕ್ಕೆ ಮೊದಲು ಸಿನಿಮಾ ಚಿತ್ರೀಕರಿಸಿದವರಲ್ಲ. ದುರ್ಗಾ ಮತ್ತು ಅವಳ ತಮ್ಮ ರೈಲು ನೋಡಲು ಓಡುವ ಆ ಬಿಳಿ ಹೂವಿನ ಬಯಲಿನಲ್ಲೇ 1952ರಲ್ಲಿ ಚಿತ್ರೀಕರಣ ಶುರುವಾಗಿತ್ತು. ಮತ್ತೆ ಹೋಗಿ ನೋಡಿದರೆ ಹೂವನ್ನೆಲ್ಲ ದನಗಳು ಮೇಯ್ದು ಬಿಟ್ಟಿದ್ದವು. ಮುಂದಿನ ಹೂವಿನ ಕಾಲದವರೆಗೆ ಕಾದರು. ಬೇರೆ ಬಯಲು ಸಾಕು ಅಂದುಕೊಳ್ಳಲಿಲ್ಲ.

ಕಾಯುವುದರಲ್ಲಿ ಚಾರ್ಲಿ ಚಾಪ್ಲಿನ್ ಇನ್ನೂ ಹಠವಾದಿ. 1931ರಲ್ಲಿ ಅವರ ‘ಸಿಟಿ ಲೈಟ್ಸ್’ ಬಂತು. ಅಷ್ಟರಲ್ಲಿ ಹಾಲಿವುಡ್‌ನಲ್ಲಿ ಬಹುತೇಕ ಎಲ್ಲರೂ ಮಾತಿನ ಸಿನಿಮಾ ಮಾಡುತ್ತಿದ್ದರು. ಚಾಪ್ಲಿನ್ ಮಾತ್ರ ಮಾತಿಲ್ಲದ ಸಿನಿಮಾವನ್ನೇ ಮಾಡಿದರು. ಅದರಲ್ಲಿ ಹೂ ಮಾರುವ ಹುಡುಗಿಗೆ ಕಣ್ಣು ಕಾಣುವುದಿಲ್ಲ. ಎದುರಿಗಿರುವ ಬಡ ಅಲೆಮಾರಿಯನ್ನು ಅವಳು ಶ್ರೀಮಂತ ಅಂದುಕೊಳ್ಳಬೇಕು. ಹೇಗೆ? ಮಾತಿದ್ದರೆ ಒಂದು ಸಾಲಿನಲ್ಲಿ ಮುಗಿಯುತ್ತಿತ್ತು. ಚಾಪ್ಲಿನ್ ಕಂಡುಕೊಂಡ ಉಪಾಯ ಹೀಗಿದೆ: ರಸ್ತೆ ದಾಟಲು ದಾರಿ ಸಿಗದ ಅಲೆಮಾರಿ ನಿಂತಿದ್ದ ದೊಡ್ಡ ಕಾರಿನ ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆಯಿಂದ ಇಳಿಯುತ್ತಾನೆ. ಬಾಗಿಲು ಮುಚ್ಚಿದ ಸದ್ದು ಹುಡುಗಿಗೆ ಕೇಳುತ್ತದೆ. ಕಾರಿನಿಂದ ಇಳಿದವನು ಅಂದರೆ ಶ್ರೀಮಂತನೇ, ಅಲ್ವಾ? ಸ್ವಲ್ಪ ಹೊತ್ತಿಗೆ ಕಾರಿನ ನಿಜವಾದ ಯಜಮಾನ ಹತ್ತಿ ಹೊರಟುಹೋಗುತ್ತಾನೆ. ಚಿಲ್ಲರೆ ತೆಗೆದುಕೊಳ್ಳದೇ ಹೋದರಲ್ಲ ಅಂತ ಅವಳು ಅಂದುಕೊಳ್ಳುತ್ತಾಳೆ. ಅಲೆಮಾರಿ ಸದ್ದಾಗದಂತೆ ಅಲ್ಲಿಂದ ಸರಿಯುತ್ತಾನೆ. ಈ ಒಂದು ಭೇಟಿಯನ್ನು ಚಾಪ್ಲಿನ್ 300ಕ್ಕೂ ಹೆಚ್ಚು ಸಲ ಚಿತ್ರೀಕರಿಸಿದರು. ಇಡೀ ಸಿನಿಮಾ ಈ ಬಾಗಿಲಿನ ಸದ್ದಿನ ಮೇಲೆ ನಿಂತಿದೆ. ಕೊನೆಯಲ್ಲಿ ಕಣ್ಣು ಬಂದ ಹುಡುಗಿ ಅವನ ಕೈ ಮುಟ್ಟಿಯೇ ಅವನನ್ನು ಗುರುತಿಸುತ್ತಾಳೆ. ಮೊದಲ ತಪ್ಪು ತಿಳಿವಳಿಕೆ ಅಷ್ಟು ಗಟ್ಟಿಯಾಗಿ ಕೂರದಿದ್ದರೆ ಈ ಕೊನೆ ನಮ್ಮನ್ನು ಅಲ್ಲಾಡಿಸುತ್ತಿರಲಿಲ್ಲ.

ಹಾಗಂತ ಕಡಿಮೆ ಮಾತು, ಕಡಿಮೆ ಸದ್ದು ಇದ್ದರೆ ಮಾತ್ರ ದೊಡ್ಡ ನಿರ್ದೇಶಕ ಅಂತ ನಾನು ಹೇಳುತ್ತಿಲ್ಲ. ಪುಟ್ಟಣ್ಣ ಕಣಗಾಲ್ ಇದಕ್ಕೆ ಪೂರ್ತಿ ಬೇರೆ ದಾರಿಯವರು. ಭಾವನೆಯನ್ನು ಮುಚ್ಚಿಡುವುದು ಅವರ ಸ್ವಭಾವವೇ ಅಲ್ಲ. ತ್ರಿವೇಣಿಯವರ ಕಾದಂಬರಿಯಿಂದ ಮಾಡಿದ 1971ರ ‘ಶರಪಂಜರ’ದಲ್ಲಿ ಮನಸ್ಸಿನ ಕಾಯಿಲೆ ವಾಸಿಯಾಗಿ ಕಾವೇರಿ ಮನೆಗೆ ಬರುತ್ತಾಳೆ. ಆಸ್ಪತ್ರೆ ಅವಳನ್ನು ಗುಣ ಮಾಡಿ ಕಳಿಸಿದೆ, ಮನೆ ಮಾತ್ರ ಅವಳನ್ನು ಇನ್ನೂ ಹುಚ್ಚಿಯಂತೆಯೇ ನೋಡುತ್ತದೆ. ಪುಟ್ಟಣ್ಣ ಕಾವೇರಿಯಾಗಿ ನಟಿಸಿದ ಕಲ್ಪನಾ ಅವರ ಮುಖವನ್ನು ನಂಬಿ ಕ್ಯಾಮೆರಾ ಹತ್ತಿರ ತರುತ್ತಾರೆ. ದೃಶ್ಯಗಳನ್ನು ಉದ್ದಕ್ಕೆ ಬಿಡುತ್ತಾರೆ, ನಟನೆಯನ್ನು ತುದಿಯವರೆಗೆ ಹೋಗಲು ಬಿಡುತ್ತಾರೆ. ಅತಿಯಾಯಿತು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸುತ್ತಲಿನವರು ಒಂದೊಂದೇ ಅನುಮಾನದ ನೋಟದಿಂದ ಕಾವೇರಿಯನ್ನು ಹಿಂದಕ್ಕೆ ತಳ್ಳುತ್ತಿರುವಾಗ ಅವಳ ಒದ್ದಾಟ ಮೆತ್ತಗೆ ಇದ್ದಿದ್ದರೆ ಅದೇ ಸುಳ್ಳಾಗುತ್ತಿತ್ತು. ಮುಂದಿನ ವರ್ಷವೇ ಬಂದ ‘ನಾಗರಹಾವು’ ಚಿತ್ರದಲ್ಲಿ ಚಿತ್ರದುರ್ಗದ ಕೋಟೆ ರಾಮಾಚಾರಿಯ ಹಠಕ್ಕೆ ತಕ್ಕ ಜಾಗವಾಗಿ ಕಾಣುತ್ತದೆ. ಅಲ್ಲಿನ ಬಂಡೆಗಳನ್ನು ತೆಗೆದು ರಾಮಾಚಾರಿಯನ್ನು ನೆನಪಿಸಿಕೊಳ್ಳಲು ನನ್ನಿಂದ ಆಗುವುದಿಲ್ಲ.

ಗಿರೀಶ್ ಕಾಸರವಳ್ಳಿ ಅವರ 1977ರ ‘ಘಟಶ್ರಾದ್ಧ’ದ ಬಲ ಇರುವುದು ಮತ್ತೊಂದು ಕಡೆ. ಯು. ಆರ್. ಅನಂತಮೂರ್ತಿ ಅವರ ಕಥೆ. ವಿಧವೆ ಯಮುನಾ ಬಸುರಿಯಾಗಿದ್ದಾಳೆ, ಬದುಕಿರುವಾಗಲೇ ಅವಳ ತಂದೆ ಅವಳ ಶ್ರಾದ್ಧ ಮಾಡುತ್ತಾನೆ. ಇದನ್ನು ಯಾರ ಕಣ್ಣಿಂದ ತೋರಿಸಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ಕಾಸರವಳ್ಳಿ ಅವರು ವೇದಪಾಠಕ್ಕೆ ಬಂದ ಚಿಕ್ಕ ಹುಡುಗ ನಾಣಿಯ ಜೊತೆ ನಮ್ಮನ್ನು ನಿಲ್ಲಿಸುತ್ತಾರೆ. ಅವನಿಗೆ ಅರ್ಧ ಅರ್ಥವಾಗುತ್ತದೆ, ನಮಗೆ ಪೂರ್ತಿ ಅರ್ಥವಾಗುತ್ತದೆ. ಏನೂ ಮಾಡಲಾಗದೆ ಇರುವುದರಲ್ಲಿ ಮಾತ್ರ ನಾವಿಬ್ಬರೂ ಒಂದೇ. ಆ ಚಿತ್ರಕ್ಕೆ ರಾಷ್ಟ್ರೀಯ ಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತು. ನಾಣಿಯ ಕಣ್ಣಿನ ಎತ್ತರದ ಬಗ್ಗೆ ಎಷ್ಟು ಜನ ಬರೆದಿದ್ದಾರೆ?

ಇನ್ನು ಜಪಾನಿನ ಯಸುಜಿರೊ ಓಜು. ಅವರ ಕ್ಯಾಮೆರಾ ನೆಲದ ಮೇಲೆ ಕೂತವರ ಮಟ್ಟಕ್ಕಿಂತಲೂ ಕೆಳಗಿರುತ್ತದೆ, 1953ರ ‘ಟೋಕಿಯೊ ಸ್ಟೋರಿ’ಯಲ್ಲಿ ಅದು ಬಹುತೇಕ ಅಲುಗಾಡುವುದೇ ಇಲ್ಲ. ಮಕ್ಕಳನ್ನು ನೋಡಲು ಬಂದ ವಯಸ್ಸಾದ ತಂದೆ ತಾಯಿ, ಪುರುಸೊತ್ತಿಲ್ಲದ ಮಕ್ಕಳು. ಯಾರೂ ಕೆಟ್ಟವರಲ್ಲ. ಫೋನಿನಲ್ಲಿ ವೇಗ ಹೆಚ್ಚಿಸಿ ನೋಡಿದರೆ ಈ ಸಿನಿಮಾದಲ್ಲಿ ಏನೂ ಸಿಗುವುದಿಲ್ಲ. ದಯವಿಟ್ಟು ಹಾಗೆ ನೋಡಬೇಡಿ.

ನಿರ್ದೇಶಕರನ್ನು ಹೊಗಳುವಾಗ ಜೊತೆಗಾರರನ್ನು ಮರೆಯುವುದೂ ತಪ್ಪು. ಆಲ್ಫ್ರೆಡ್ ಹಿಚ್‌ಕಾಕ್ 1960ರ ‘ಸೈಕೋ’ ಚಿತ್ರದ ಸ್ನಾನದ ಮನೆಯ ಕೊಲೆಗೆ ಸಂಗೀತವೇ ಬೇಡ ಅಂದುಕೊಂಡಿದ್ದರು. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಆದರೂ ಬರೆದರು. ಪಿಟೀಲುಗಳ ಆ ಚೀರಾಟ ಕೇಳಿದ ಹಿಚ್‌ಕಾಕ್ ಮನಸ್ಸು ಬದಲಾಯಿಸಿದರು. ಇನ್ನೊಬ್ಬರ ಯೋಚನೆ ತನ್ನದಕ್ಕಿಂತ ಚೆನ್ನಾಗಿದೆ ಅಂತ ಒಪ್ಪಿ ಅದನ್ನು ಸಿನಿಮಾದಲ್ಲಿ ಉಳಿಸಿಕೊಳ್ಳುವುದೂ ನಿರ್ದೇಶನವೇ.

ಇದೆಲ್ಲ ಸಿನಿಮಾ ಕಲಿಯುವ ವಿದ್ಯಾರ್ಥಿಗಳಿಗೆ ಸರಿ, ಸಾಮಾನ್ಯ ಓದುಗರಿಗೆ ಯಾಕೆ ಅಂತ ನಿಮ್ಮ ಸಂಪಾದಕೀಯ ಬಳಗದಲ್ಲಿ ಯಾರಾದರೂ ಕೇಳಬಹುದು. ಸಾಮಾನ್ಯ ಪ್ರೇಕ್ಷಕರು ಸಿನಿಮಾ ಮುಗಿಸಿ ಹೊರಗೆ ಬರುವಾಗ ಏನು ಮಾತಾಡುತ್ತಾರೆ ಅಂತ ಕೇಳಿಸಿಕೊಳ್ಳಿ. ‘ಅವಳು ತಿರುಗಿ ನೋಡ್ತಾಳಲ್ಲ, ಆ ಸೀನು!’ ಅನ್ನುತ್ತಾರೆ. ಗಮನಿಸುವ ಕೆಲಸ ಅವರು ಆಗಲೇ ಮಾಡಿರುತ್ತಾರೆ. ಆ ಸೀನು ಯಾಕೆ ಹಾಗೆ ಹಿಡಿಯಿತು ಅಂತ ಹೇಳಿದರೆ ಬೇಡ ಅನ್ನುವವರು ಯಾರೂ ಇಲ್ಲ. ಮೇಲಾಗಿ, ಕಥೆಯನ್ನು ಪೂರ್ತಿ ಬಿಚ್ಚಿಡುವ ವಿಮರ್ಶೆ ಸಿನಿಮಾ ನೋಡುವ ಖುಷಿಯನ್ನು ಸುಮ್ನೆ ಹಾಳು ಮಾಡುತ್ತದೆ. ಒಂದು ದೃಶ್ಯದ ಕಟ್ಟಡ ವಿವರಿಸುವ ವಿಮರ್ಶೆ ಆ ಖುಷಿಯನ್ನು ಹೆಚ್ಚಿಸುತ್ತದೆ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಪ್ರತಿ ವಿಮರ್ಶೆಯಲ್ಲೂ ಕಥೆಯನ್ನು ನಾಲ್ಕು ಸಾಲಿಗೆ ಇಳಿಸಿ. ಉಳಿದ ಜಾಗದಲ್ಲಿ ಕನಿಷ್ಠ ಒಂದು ದೃಶ್ಯವನ್ನಾದರೂ ತೆಗೆದುಕೊಂಡು, ಅದು ಗೆದ್ದಿದ್ದರೆ ಹೇಗೆ ಗೆದ್ದಿತು, ಸೋತಿದ್ದರೆ ಎಲ್ಲಿ ಸೋತಿತು ಅಂತ ಬರೆಯಿಸಿ. ನಿರ್ದೇಶಕರ ಹೆಸರಿನ ಪಕ್ಕದಲ್ಲೇ ಛಾಯಾಗ್ರಾಹಕರು, ಸಂಕಲನಕಾರರು, ಧ್ವನಿ ವಿನ್ಯಾಸ ಮಾಡಿದವರ ಹೆಸರೂ ಇರಲಿ. ವಾರಕ್ಕೊಮ್ಮೆ ಹಳೆಯ ಸಿನಿಮಾದ ಒಂದೇ ಒಂದು ದೃಶ್ಯದ ಬಗ್ಗೆ ಓದುಗರಿಂದಲೇ ಬರೆಯಿಸುವ ಪುಟ್ಟ ಅಂಕಣ ಶುರು ಮಾಡಿದರೆ ಇನ್ನೂ ಸಂತೋಷ. ಮೊದಲ ಬರಹ ಕಳಿಸಲು ನಾನು ಸಿದ್ಧ. ಇರಾನಿನ ಅಬ್ಬಾಸ್ ಕಿಯರೊಸ್ತಮಿ ಅವರ 1987ರ ಸಿನಿಮಾದಲ್ಲಿ ಗೆಳೆಯನ ನೋಟ್‌ಬುಕ್ ಹಿಂತಿರುಗಿಸಲು ಒಬ್ಬ ಪುಟ್ಟ ಹುಡುಗ ಅಂಕುಡೊಂಕು ದಾರಿಯಲ್ಲಿ ಗುಡ್ಡ ಹತ್ತುತ್ತಾನೆ. ಅದರ ಬಗ್ಗೆ ಬರೆಯುತ್ತೇನೆ.

ಇಂತಿ,
ನಿಮ್ಮ ಸಿನಿಮಾ ಪುಟದ ಓದುಗ