ಆರೋಗ್ಯ ಸಚಿವರೇ, ಸಂಧಿವಾತದವರ ಕೈ ಕಡೆಗೂ ಸ್ವಲ್ಪ ನೋಡಿ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ರುಮಟಾಯ್ಡ್ ಸಂಧಿವಾತದವರ (ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬಿದ್ದು ಊದಿಸುವ ಕಾಯಿಲೆ) ಕೈ ನೋಡಲು ತಿಂಗಳಿಗೊಂದು ದಿನ ಕ್ಲಿನಿಕ್ ನಡೆಸಿ. ಸಂಧಿವಾತದ ಡಾಕ್ಟರು, ಕೈ ಆಪರೇಷನ್ ಬಲ್ಲ ಸರ್ಜನ್, ಫಿಸಿಯೋಥೆರಪಿಸ್ಟ್, ಮೂವರೂ ಒಟ್ಟಿಗೆ ಕೂತಿರಬೇಕು.

ನಮ್ಮ ದೊಡ್ಡಮ್ಮನಿಗೆ ಈ ಕಾಯಿಲೆ ಬಂದು ವರ್ಷಗಳೇ ಆದವು. ಮಣಿಕಟ್ಟಿನಲ್ಲಿ, ಕಿರುಬೆರಳಿನ ಕಡೆ, ಮೂಳೆ ಉಬ್ಬಿ ನಿಂತಿತ್ತು. ಹೋದಲ್ಲೆಲ್ಲ ಮಾತ್ರೆ ಬರೆದುಕೊಟ್ಟರು, ಆ ಉಬ್ಬಿನ ಬಗ್ಗೆ ಯಾರೂ ಮಾತಾಡಲಿಲ್ಲ. ಒಂದು ದಿನ ರೊಟ್ಟಿ ತಟ್ಟುವಾಗ ಕಿರುಬೆರಳು ಜೋತುಬಿತ್ತು. ಹೊಸದಾಗಿ ನೋವೇನೂ ಇಲ್ಲ, ಬೆರಳು ಮೇಲಕ್ಕೆ ಏಳುತ್ತಿಲ್ಲ ಅಷ್ಟೇ. ಸ್ವಲ್ಪ ದಿನಕ್ಕೆ ಉಂಗುರ ಬೆರಳೂ ಹಾಗೇ ಆಯಿತು. ಬೇರೆ ಊರಿನ ಕೈ ಸರ್ಜನ್ ಹತ್ತಿರ ಹೋದಾಗಲೇ ನಮಗೆ ಗೊತ್ತಾಗಿದ್ದು: ಊದಿಕೊಂಡ ಕೀಲಿನ ಪೊರೆ ಮೂಳೆಯನ್ನು ತಿಂದು ಒರಟು ಮಾಡುತ್ತದೆ, ಬೆರಳು ಎತ್ತುವ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಅದರ ಮೇಲೆ ಉಜ್ಜಿ ಉಜ್ಜಿ ಕೊನೆಗೆ ತುಂಡಾಗುತ್ತದೆ, ಒಂದಾದ ಮೇಲೆ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು.

ಸವೆದು ಹರಿದ ಟೆಂಡನ್ ಅನ್ನು ಸುಮ್ನೆ ಎಳೆದು ಹೊಲಿಯಲು ಸಾಮಾನ್ಯವಾಗಿ ಆಗುವುದಿಲ್ಲ. ಪಕ್ಕದ ಬೆರಳಿನದಕ್ಕೆ ಜೋಡಿಸಬೇಕು, ಇಲ್ಲವೇ ತೋರುಬೆರಳು ಎತ್ತುವ ಎರಡು ಟೆಂಡನ್‌ಗಳಲ್ಲಿ ಒಂದನ್ನು ತಂದು ಹಾಕಬೇಕು. ಹರಿದದ್ದು ಜಾಸ್ತಿಯಾದಷ್ಟೂ ಆಪರೇಷನ್ ಕಷ್ಟ. ಉಬ್ಬು ಕಂಡಾಗಲೇ ಕಳಿಸಿದ್ದರೆ ಊದಿದ ಪೊರೆ ತೆಗೆದು, ಮೂಳೆಯ ತುದಿ ಕತ್ತರಿಸಿ ಬೆರಳು ಉಳಿಸಲು ಅವಕಾಶ ಇತ್ತು, ಅಲ್ವಾ?

ಕಾಯಿಲೆಯನ್ನೇ ಹತೋಟಿಗೆ ತರುವ ಮೆಥೋಟ್ರೆಕ್ಸೇಟ್‌ನಂಥ ಮದ್ದು ಬೇಗ ಶುರು ಮಾಡಿದರೆ ಎಷ್ಟೋ ಜನರಿಗೆ ಆಪರೇಷನ್ ಬೇಕಾಗುವುದೇ ಇಲ್ಲ, ನಿಜ. ಆದರೆ ತಡವಾಗಿ ಬರುವವರೇ ನಮ್ಮಲ್ಲಿ ಜಾಸ್ತಿ, ಅದರಲ್ಲೂ ಹೆಂಗಸರು. ಬೆರಳುಗಳು ಬುಡದಲ್ಲೇ ಕಿರುಬೆರಳಿನ ಕಡೆಗೆ ವಾಲಿದವರಿಗೆ ಸಿಲಿಕೋನ್ ಕೀಲು ಹಾಕುವುದು 1960ರ ದಶಕದಿಂದಲೇ ಇದೆ. ಮಣಿಕಟ್ಟು ಪೂರ್ತಿ ಕೆಟ್ಟಿದ್ದರೆ ಅದನ್ನು ಬೆಸೆದುಬಿಡುತ್ತಾರೆ. ಅಲ್ಲಾಡುವುದಿಲ್ಲ, ಆದರೆ ನೋವು ಹೋಗಿ ಹಿಡಿತ ಬರುತ್ತದೆ. ಮೊಣಕೈಗೂ ಕೃತಕ ಕೀಲಿದೆ, ಆದರೆ ಅದನ್ನು ಹಾಕಿಸಿಕೊಂಡವರು ಮುಂದೆ ತುಂಬಿದ ಕೊಡ ಎತ್ತುವ ಹಾಗಿಲ್ಲ. ಇದನ್ನು ಆಪರೇಷನ್‌ಗೆ ಮುಂಚೆಯೇ ಕೂರಿಸಿಕೊಂಡು ಹೇಳುವವರು ಬೇಕು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಒಳ್ಳೆಯದೇ. ಆದರೆ ಕೈ ಆಪರೇಷನ್ ಹೊಲಿಗೆ ಬಿಚ್ಚಿದ ದಿನಕ್ಕೆ ಮುಗಿಯುವುದಿಲ್ಲ. ವಾರಗಟ್ಟಲೆ ಸ್ಪ್ಲಿಂಟ್ (ಬೆರಳುಗಳನ್ನು ಸರಿಯಾದ ಸ್ಥಿತಿಯಲ್ಲಿ ಹಿಡಿದಿಡುವ ಪಟ್ಟಿ) ಕಟ್ಟಿ, ಬೆರಳುಗಳಿಗೆ ವ್ಯಾಯಾಮ ಮಾಡಿಸದಿದ್ದರೆ ಮತ್ತೆ ಬಿಗಿದುಕೊಳ್ಳುತ್ತವೆ. ದಿನಗೂಲಿ ಬಿಟ್ಟು ಬಸ್ಸಿನಲ್ಲಿ ಬೆಂಗಳೂರಿಗೆ ಎಷ್ಟು ಸಲ ಬರುತ್ತಾರೆ ಹೇಳಿ? ಆ ಸ್ಪ್ಲಿಂಟು, ಆ ವ್ಯಾಯಾಮ ತಾಲ್ಲೂಕು ಆಸ್ಪತ್ರೆಯಲ್ಲೇ, ದುಡ್ಡಿಲ್ಲದೆ ಸಿಗಬೇಕು.

ಇನ್ನೊಂದು ಕೆಲಸಕ್ಕೆ ಖರ್ಚೇ ಇಲ್ಲ. ಸಂಧಿವಾತ ಇರುವವರ ಬೆರಳು ಇದ್ದಕ್ಕಿದ್ದಂತೆ ಜೋತುಬಿದ್ದರೆ ಅದೇ ವಾರ ಕೈ ಸರ್ಜನ್ ಹತ್ತಿರ ಕಳಿಸಬೇಕು ಎಂದು ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಒಂದು ಸುತ್ತೋಲೆ ಹೊರಡಿಸಿ. ಅದನ್ನು ಈ ತಿಂಗಳೇ ಮಾಡಬಹುದು ಸರ್. ಯಾವಾಗ ಮಾಡುತ್ತೀರಿ ಎಂದು ದಯವಿಟ್ಟು ತಿಳಿಸಿ.