ಮೊಟ್ಟೆ, ಬೆಣ್ಣೆ ಮಾರಿದ ಟೀಚರ್

ಮಾನ್ಯರೇ,

19ನೇ ಶತಮಾನದಲ್ಲಿ ಅಮೆರಿಕದ ಹುಲ್ಲು ಬಯಲಿಗೆ ವಲಸೆ ಹೋದ ರೈತರ ಬಗ್ಗೆ ಬರೆಯುವಾಗ ಬರೀ ಗಂಡಸರ ಕತೆಯೇ ಬರುತ್ತದೆ, ಅಲ್ವಾ? ಅಲ್ಲಿನ ಹಳ್ಳಿ ಟೀಚರ್‌ಗಳನ್ನೂ ಸ್ವಲ್ಪ ನೆನೆಯಿರಿ. ಡಕೋಟಾ, ನೆಬ್ರಾಸ್ಕಾ ಕಡೆ ಒಂದೇ ಕೋಣೆಯ ಶಾಲೆ, ಎಂಟೂ ತರಗತಿಗೆ ಒಬ್ಬಳೇ ಟೀಚರ್, ಚಳಿಗಾಲದಲ್ಲಿ ಬೇಗ ಬಂದು ಒಲೆ ಹಚ್ಚುವವಳೂ ಅವಳೇ, ಊಟ-ವಾಸ ಎಷ್ಟೋ ಸಲ ಮಕ್ಕಳ ಮನೆಗಳಲ್ಲೇ. 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ (ನೆಲೆಸಿ ಉಳುವವರಿಗೆ ಸರ್ಕಾರಿ ಜಮೀನು ಕೊಡುವ ಕಾನೂನು) 21 ತುಂಬಿದ ಮದುವೆಯಾಗದ ಹೆಣ್ಣೂ 160 ಎಕರೆಗೆ ಅರ್ಜಿ ಹಾಕಬಹುದಿತ್ತು. ಮದುವೆಯಾದರೆ? ಸಾಮಾನ್ಯವಾಗಿ ಆ ಹಕ್ಕಿಲ್ಲ, ಬಹಳ ಕಡೆ ಶಾಲೆಯ ಕೆಲಸವೂ ಹೋಗುತ್ತಿತ್ತು! ಆಮೇಲೆ ಹುಲ್ಲುಬೇರು ಹಿಡಿದ ಮಣ್ಣಿನ ಹೆಂಟೆ ಪೇರಿಸಿ ಕಟ್ಟಿದ ಮನೆಯಲ್ಲಿ ಸಂಸಾರ, ಬೆಳೆ ಕೈಕೊಟ್ಟಾಗ ಎಷ್ಟೋ ಮನೆಗೆ ಅವಳು ಮಾರಿದ ಮೊಟ್ಟೆ, ಬೆಣ್ಣೆಯ ದುಡ್ಡಲ್ಲೇ ದಿನಸಿ. ಆದರೂ 1880ರ ಜನಗಣತಿಯಲ್ಲಿ ಇಂಥವರ ಉದ್ಯೋಗ ಅಂತ ಹೆಚ್ಚಾಗಿ ಬರೆದದ್ದು ‘ಮನೆ ನೋಡಿಕೊಳ್ಳುವುದು’. ನಿಮ್ಮ ಪುರವಣಿಯಲ್ಲಿ ಇವರಿಗೂ ಒಂದು ಪುಟ ಕೊಡಿ.

– ಒಬ್ಬ ಓದುಗ